ಹಠಮಾರಿ ನಟ್ಟು

ಕೆಂಗಲ್ಲಿನ ಕಡೆ ತಮ್ಮ ಕಾರನ್ನು ತಾವೇ ರಿಪೇರಿ ಮಾಡಹೊರಟವರು, ಸೈಲೆನ್ಸರಿನ ನಟ್ಟು ಕದಲದಿದ್ದರೆ ಸ್ಪ್ಯಾನರಿನ ಹಿಡಿಗೆ ಕೊಳವೆಯೊಂದನ್ನು ತೊಡಿಸಿ ಜಗ್ಗುವುದುಂಟು. ಹಿಡಿಯ ಉದ್ದ ಇಮ್ಮಡಿಯಾದರೆ ಅಷ್ಟೇ ಬಲದಿಂದ ತಿರುಚುವ ಶಕ್ತಿಯೂ ಇಮ್ಮಡಿಯಾಗುವುದೆಂಬುದು ಸನ್ನೆಕೋಲಿನ ನಿಯಮ. ಆದರೆ ಇದೊಂದನ್ನೇ ನೆಚ್ಚುವುದು ಅವಿವೇಕವೆಂದು ನನ್ನ ಮತ. ಆ ತಿರುಚು ಬೋಲ್ಟಿನ ಕತ್ತಿಗೂ ತಗಲುತ್ತದೆ. ಕತ್ತು ಮುರಿಯಿತೆಂದರೆ ಕೆಲಸ ಹತ್ತುಪಟ್ಟು.

ನಿಜವಾದ ಎದುರಾಳಿ ತುಕ್ಕು. ಕಬ್ಬಿಣವು ತುಕ್ಕಾದಾಗ ಮೊದಲಿಗಿಂತ ಇಮ್ಮಡಿಗೂ ಮೀರಿದ ಸ್ಥಳವನ್ನು ಆಕ್ರಮಿಸಿ, ತಿರುಪಿನ ಸಂದಿನಲ್ಲಿ ಬೆಣೆಯಂತೆ ಕೂರುತ್ತದೆ. ಅಲ್ಲಿಗೆ ತೆಳುವಾದ ಎಣ್ಣೆ ಬಿಟ್ಟು ಒಂದು ರಾತ್ರಿ ಕಾಯಬೇಕು. ದೀಪದ ಬತ್ತಿಗೆ ಎಣ್ಣೆಯನ್ನೇರಿಸುವ ಕ್ರಿಯೆಯೇ ಅದನ್ನು ಒಳಕ್ಕೊಯ್ಯುತ್ತದೆ.

ಇದಕ್ಕೂ ಬಗ್ಗದಿದ್ದರೆ ಎಣ್ಣೆಯನ್ನೊರೆಸಿ ನಟ್ಟನ್ನು ಮಾತ್ರ ಕಾಯಿಸತಕ್ಕದ್ದು. ಪೆಟ್ರೋಲಿನ ಟ್ಯಾಂಕು, ಕೊಳವೆಗಳ ಬಳಿ ಮಾತ್ರ ಎಂದಿಗೂ ಕೂಡದು. ಕಾಯಿಸಿದರೆ ರಂಧ್ರ ಕುಗ್ಗುವುದೆಂದು ಬರೆಯುವ ವಿದ್ಯಾರ್ಥಿಗಳುಂಟು! ಅದು ಹಿಗ್ಗುತ್ತದೆ. ಉಕ್ಕಿನ ನಟ್ಟಿನ ಶಾಖ 200 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿದರೆ 10 ಮಿಲಿಮೀಟರ್ ರಂಧ್ರವು ಸುಮಾರು 0.024 ಮಿಲಿಮೀಟರ್ ಅಗಲವಾಗುತ್ತದೆ. ತುಕ್ಕಿನ ಪದರ ಬಿರಿಯಲು ಅನೇಕ ವೇಳೆ ಅಷ್ಟೇ ಸಾಕು.

ನೆರೆಯ ಚನ್ನಪಟ್ಟಣದ ಆಟಿಕೆ ಕುಶಲಿಗಳು ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನೊತ್ತಿ, ಘರ್ಷಣೆಯ ಉಷ್ಣದಿಂದಲೇ ಬಣ್ಣವೇರಿಸುತ್ತಾರೆ. ಅವರ ಕೈಗೆ ತಿಳಿದ ಉಷ್ಣದ ಉಪಯೋಗ ನಮ್ಮ ಪದವೀಧರನಿಗೆ ತೋಚದಿರುವುದೇಕೆ? ಉಷ್ಣವ್ಯಾಕೋಚನವನ್ನು ನಾವು ಹಲಗೆಯ ಮೇಲಷ್ಟೇ ಕಲಿಸುತ್ತಿದ್ದೇವೆ. ಪ್ರಾಯೋಗಿಕ ಪರೀಕ್ಷೆಯ ಮೇಜಿನ ಮೇಲೆ ತುಕ್ಕು ಹಿಡಿದ ನಟ್ಟೊಂದನ್ನು ಇಟ್ಟು, ಬೋಲ್ಟು ಮುರಿಯದಂತೆ ಬಿಚ್ಚಿ ಕಾರಣ ವಿವರಿಸಿದವರಿಗೆ ಅಂಕ ಕೊಡಬಾರದೇ?