ಹಿಡಿ ದಪ್ಪವಿದ್ದರೆ ಕೈ ಹಗುರ

ಅಡುಗೆಮನೆಯ ಡ್ರಾಯರ್‌ನಲ್ಲಿರೋ ಪೀಲರ್ ಒಮ್ಮೆ ಕೈಗೆ ತಗೊಂಡು ನೋಡಿ. ಬಹುತೇಕ ಮನೆಗಳಲ್ಲಿ ಅದು ತೆಳ್ಳಗಿನ ಸ್ಟೀಲ್ ತಗಡು ಬಗ್ಗಿಸಿ ಮಾಡಿದ್ದು. ಎರಡು ಕ್ಯಾರೆಟ್ ಹೆರೆಯೋಕೆ ಏನೂ ಅನ್ನಿಸಲ್ಲ. ಹಬ್ಬದ ದಿನ ಎರಡು ಕಿಲೋ ಆಲೂಗಡ್ಡೆ ಹೆರೆದರೆ ಹೆಬ್ಬೆರಳಿನ ಬುಡ ನೋಯೋಕೆ ಶುರುವಾಗುತ್ತೆ. ಆಫೀಸಿನ ಮೌಸು, ಕುರ್ಚಿ ಕೊಳ್ಳೋಕೆ ನಾವು ವಾರಗಟ್ಟಲೆ ರಿವ್ಯೂ ಓದ್ತೀವಿ. ದಿನಕ್ಕೆ ಮೂರು ಹೊತ್ತು ಹಿಡಿಯೋ ಪೀಲರ್, ಚಾಕು, ಇಕ್ಕಳದ ಬಗ್ಗೆ ಮಾತ್ರ ಯಾರೂ ಏನೂ ಕೇಳಲ್ಲ.

ಕೇಳಿದವರೊಬ್ಬರಿದ್ದರು. ಅಮೆರಿಕದ ಸ್ಯಾಮ್ ಫಾರ್ಬರ್, ಪಾತ್ರೆ ಪಗಡಿ ಉದ್ಯಮದಿಂದ ನಿವೃತ್ತರಾಗಿದ್ದವರು. ಹೆಂಡತಿ ಬೆಟ್ಸಿಗೆ ಸಂಧಿವಾತ, ಪೀಲರ್ ಹಿಡಿಯೋದೇ ಕಷ್ಟ. ಅದನ್ನ ನೋಡಿದ ಫಾರ್ಬರ್ ನ್ಯೂಯಾರ್ಕಿನ ಸ್ಮಾರ್ಟ್ ಡಿಸೈನ್ ಸಂಸ್ಥೆಯ ಜೊತೆ ಸೇರಿ 1990ರಲ್ಲಿ 'ಆಕ್ಸೊ ಗುಡ್ ಗ್ರಿಪ್ಸ್' ತಂದರು. ದಪ್ಪನೆಯ ಕಪ್ಪು ರಬ್ಬರಿನ ಹಿಡಿ, ಬೆರಳು ಕೂರೋ ಕಡೆ ಬಗ್ಗುವ ಸಣ್ಣ ಸಣ್ಣ ಪಟ್ಟಿಗಳು. ಆ ಪಟ್ಟಿಗಳ ಐಡಿಯಾ ಬಂದದ್ದು ಸೈಕಲ್ ಹ್ಯಾಂಡಲ್‌ನ ಗ್ರಿಪ್‌ನಿಂದ. ನನಗೆ ತುಂಬಾ ಹಿಡಿಸಿದ್ದು ಇನ್ನೊಂದು ಸಂಗತಿ: ಅದನ್ನ ಅವರು ರೋಗಿಗಳ ಸಾಮಾನು ಅಂತ ಮಾರಲಿಲ್ಲ. ಕೈ ಗಟ್ಟಿ ಇದ್ದವರೂ ಸಾಲುಗಟ್ಟಿ ಕೊಂಡರು.

ದಪ್ಪ ಹಿಡಿ ಯಾಕೆ ಸುಲಭ? ತೆಳ್ಳಗಿದ್ದರೆ ಬೆರಳ ತುದಿಯಲ್ಲಿ ಚಿವುಟಿದ ಹಾಗೆ ಹಿಡೀಬೇಕು. ಹಾಗೆ ಹಿಡಿದಾಗ ಸಿಗೋ ಬಲ ಇಡೀ ಮುಷ್ಟಿಯ ಬಲಕ್ಕಿಂತ ಬಹಳ ಕಡಿಮೆ. ಜೊತೆಗೆ ಜಾರುವಿಕೆ. ಜಾರದಂತೆ ತಡೆಯೋದು ಹಿಡಿಯ ಮೇಲ್ಮೈ ಮತ್ತು ನಾವು ಒತ್ತುವ ಬಲ, ಎರಡೂ ಸೇರಿ. ಮೇಲ್ಮೈ ನುಣುಪಾಗಿದ್ದು ಕೈಯೂ ಒದ್ದೆಯಾಗಿದ್ದರೆ ಉಳಿದ ಕೆಲಸವೆಲ್ಲ ಬೆರಳಿನ ಮೇಲೆ ಬೀಳುತ್ತೆ. ಸುಸ್ತಾದ ಬೆರಳು ಸಡಿಲವಾದ ಕ್ಷಣದಲ್ಲೇ ಚಾಕು ಜಾರೋದು.

ನಮ್ಮಮ್ಮನಿಗೂ ಹೆಬ್ಬೆರಳಿನ ಬುಡದಲ್ಲಿ ಸಂಧಿವಾತ. ಕೇಳಿದ್ರೆ "ಏನಿಲ್ಲ ಕಣೋ, ವಯಸ್ಸಾಯ್ತಲ್ಲ" ಅಂತಾಳೆ. ಆದರೆ ಒಂದು ವರ್ಷದಿಂದ ಮನೆಯಲ್ಲಿ ಸೀಮೆಬದನೆಕಾಯಿ ಪಲ್ಯ ಮಾಯ. ಸಿಪ್ಪೆ ತೆಗೆಯುವಾಗ ಅಂಟು ಸೋರುತ್ತೆ, ಪೀಲರ್ ಜಾರುತ್ತೆ, ಬಿಗಿಯಾಗಿ ಹಿಡಿಯೋಕೆ ಬೆರಳು ಬಗ್ಗಲ್ಲ. ನೋವು ಅಂತ ಹೇಳೋ ಬದಲು ಅವಳು ಮೆನುವನ್ನೇ ಬದಲಾಯಿಸಿಬಿಟ್ಟಿದ್ದಳು. ನಿಮ್ಮ ಮನೆಯಲ್ಲೂ ಯಾವುದಾದರೂ ಅಡುಗೆ ಸದ್ದಿಲ್ಲದೆ ನಿಂತುಹೋಗಿದೆಯಾ, ಒಮ್ಮೆ ಯೋಚನೆ ಮಾಡಿ.

ಸೈಕಲ್ ಶಾಪಿನಿಂದ ಒಂದು ರಬ್ಬರ್ ಗ್ರಿಪ್ ತಂದೆ. ಹಳೇ ಪೀಲರ್ ಹಿಡಿಗೆ ಟೇಪ್ ಸುತ್ತಿ ದಪ್ಪ ಮಾಡಿ, ಸೋಪಿನ ನೀರು ಹಚ್ಚಿ ಗ್ರಿಪ್ ಏರಿಸಿದೆ. ನೋಡೋಕೆ ಚೆಂದ ಇಲ್ಲ. "ಇದೇನೋ ಸೈಕಲ್ ಓಡಿಸ್ಲಾ?" ಅಂತ ಅಮ್ಮ ನಕ್ಕಳು, ಆದರೂ ಅದನ್ನೇ ಹುಡುಕಿ ತಗೋತಾಳೆ.

ಹೊಸದು ಕೊಳ್ಳೋದಾದರೆ ಆನ್‌ಲೈನ್ ಫೋಟೋ ನಂಬಬೇಡಿ, ಅಂಗಡಿಯಲ್ಲಿ ಹಿಡಿದು ನೋಡಿ. ಬಲ ಹಾಕೋ ಕೆಲಸಕ್ಕೆ ಹಿಡಿಯ ಅಡ್ಡಳತೆ ಸುಮಾರು 30ರಿಂದ 50 ಮಿಲಿಮೀಟರ್ ಇರಲಿ. ಪೆನ್ನಿನ ಹಾಗೆ ಹಿಡಿಯೋ ನಾಜೂಕು ಕೆಲಸಕ್ಕಾದರೆ 6ರಿಂದ 13 ಸಾಕು. ಸ್ಕೇಲ್ ಇಲ್ಲದಿದ್ದರೆ ಮುಷ್ಟಿ ಕಟ್ಟಿ ಹಿಡಿದಾಗ ಹೆಬ್ಬೆರಳು ತೋರುಬೆರಳಿನ ಮೇಲೆ ಸ್ವಲ್ಪ ಬರುತ್ತಾ ಅಂತ ನೋಡಿದರಾಯ್ತು. ಹಿಡಿ ತೀರಾ ಗಿಡ್ಡವಾಗಿದ್ದರೆ ಅದರ ತುದಿ ಅಂಗೈ ಮಧ್ಯಕ್ಕೇ ಒತ್ತುತ್ತೆ, ಅಂಥದ್ದು ಬೇಡ. ಬೆರಳಿಗೊಂದೊಂದು ತಗ್ಗು ಕೊರೆದ ಹಿಡಿ ಷೋರೂಮಿನಲ್ಲಿ ಭಾರಿ ಸ್ಟೈಲಾಗಿ ಕಾಣುತ್ತೆ. ಅದು ಯಾರೋ ಒಬ್ಬರ ಕೈ ಅಳತೆ. ಮನೆಯವರೆಲ್ಲ ಬಳಸೋ ಚಾಕುವಿಗೆ ಅದು ನನಗೇನೋ ಬೇಡ ಅನ್ನಿಸುತ್ತೆ.

ಕುಕ್ಕರ್ ವಿಷಯಕ್ಕೆ ಮಾತ್ರ ಈ ಟೇಪು, ರಬ್ಬರಿನ ಜುಗಾಡ್ ಬೇಡವೇ ಬೇಡ. ಹಿಡಿ ಅಲುಗಾಡ್ತಿದ್ದರೆ ಕುಕ್ಕರ್ ಪೂರ್ತಿ ತಣ್ಣಗಾದ ಮೇಲೆ ಸ್ಕ್ರೂ ಬಿಗಿ ಮಾಡಿ. ಬಿರುಕು ಬಿಟ್ಟಿದ್ದರೆ ಹಿಡಿಯನ್ನೇ ಬದಲಾಯಿಸಿ, ಪಾತ್ರೆ ಅಂಗಡಿಯಲ್ಲಿ ಬಿಡಿಯಾಗಿ ಸಿಗುತ್ತೆ. ಹೋಗುವಾಗ ಮುಚ್ಚಳವನ್ನೂ ತಗೊಂಡು ಹೋಗಿ, ಸ್ಕ್ರೂ ತೂತಿನ ಜಾಗ ಒಂದೊಂದು ಮಾಡೆಲ್‌ಗೆ ಒಂದೊಂದು ಥರ ಇರುತ್ತೆ.