ಉತಾರದ ಹಳೆಯ ಕಡತವನ್ನು ಕೈಬಿಡಬೇಡಿ

ಇಂಡಿಯ ನಿಂಬೆ ಬೆಳೆಗಾರನಿಗೂ ಸಿಂದಗಿಯ ತೊಗರಿ ಬೆಳೆಗಾರನಿಗೂ ಬೆಳೆಸಾಲ ಬೇಕೆಂದರೆ ಮೊದಲು ಬೇಕಾದದ್ದು ಉತಾರ, ಅಂದರೆ ಪಹಣಿ. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಕೈಬರಹದ ಪಹಣಿಗೆ ಆಮೇಲೆ ಬೆಲೆ ಉಳಿಯಲಿಲ್ಲ.

ಇಂಥ ಯೋಜನೆಯ ತಂತ್ರಾಂಶವೂ ಹಳತಾಗುತ್ತದೆ, ಅದು ನಡೆಯುವ ವೇದಿಕೆಯನ್ನು ನವೀಕರಿಸಲೇಬೇಕು. ಆದರೆ ಹಳೆಯ ದತ್ತಾಂಶ ತಾನಾಗಿ ಹೊಸದಾಗುವುದಿಲ್ಲ. ‘ಮಲ್ಲಿಕಾರ್ಜುನ’ ಎಂಬ ಹೆಸರನ್ನೇ ನೋಡಿ. ‘ನುಡಿ’ ಕನ್ನಡ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಅರ್ಕಾವತ್ತು ‘ಜು’ವಿನ ನಂತರ ದಾಖಲಾಗುತ್ತದೆ, ಯೂನಿಕೋಡಿನಲ್ಲಿ ಅದಕ್ಕೂ ಮೊದಲು. ಪರಿವರ್ತನೆಯಲ್ಲಿ ಈ ಕ್ರಮ ತಪ್ಪಿದರೆ ಹೆಸರು ಕೆಡುತ್ತದೆ. ಮಾಲೀಕರ ಹೆಸರಿರುವ ಪಹಣಿಯ 9ನೇ ಕಾಲಂನಲ್ಲಿ ಹಾಗಾದರೆ ಆಧಾರ್ ಜೊತೆ ತಾಳೆಯಾಗದು, ಸಾಲವೂ ಸಿಗದು.

ಬಸವನ ಬಾಗೇವಾಡಿ, ಮುದ್ದೇಬಿಹಾಳದ ಕಡೆ ಇದು ಇನ್ನೂ ಗಂಭೀರ. ಆಲಮಟ್ಟಿ ಜಲಾಶಯದ ಮಟ್ಟವನ್ನು 519.6ರಿಂದ 524.256 ಮೀಟರಿಗೆ ಏರಿಸುವ ಯೋಜನೆಯಲ್ಲಿ ಮುಳುಗಡೆ ಜಮೀನಿನ ಪರಿಹಾರ ನಿಲ್ಲುವುದೇ ದಾಖಲೆಯ ಮೇಲೆ.

ಹಾಗಾಗಿ ಹೊಸ ವ್ಯವಸ್ಥೆ ಹಳೆಯ ಡೇಟಾಬೇಸನ್ನು ಓದಬಲ್ಲದೆಂದು ಖಾತ್ರಿಯಾಗುವವರೆಗೆ ಹಳೆಯದನ್ನು ನಿಲ್ಲಿಸಕೂಡದು. ಪ್ರತಿ ಹೋಬಳಿಯಿಂದ ಒಂದಿಷ್ಟು ಪಹಣಿ ಆರಿಸಿ, ಗ್ರಾಮ ಆಡಳಿತಾಧಿಕಾರಿ ಮತ್ತು ರೈತರ ಎದುರಿನಲ್ಲೇ ಎರಡೂ ಪ್ರತಿಗಳನ್ನು ಹೋಲಿಸಿ ನೋಡಲಿ. ಈ ಕೆಲಸಕ್ಕೆ ಬೇಕಾದ ಸಮಯ, ಹಣ ನವೀಕರಣದ ಟೆಂಡರಿನಲ್ಲೇ ನಮೂದಾಗಲಿ.