'ಹಕ್ಕಷ್ಟೇ ಸಾಕಾ?' ಅಂತ ಕೇಳಿದ ಒಂದು ಪತ್ರಿಕೆಯ ಕತೆ

ಗೆಳೆಯರೇ, ಇವತ್ತು ಸ್ವಲ್ಪ ಉದ್ದ ಬರೀತಿದೀನಿ. ಪುರುಸೊತ್ತು ಮಾಡ್ಕೊಂಡು ಓದಿ.

ಫ್ರಾನ್ಸಿನಲ್ಲಿ ನಲವತ್ತು ವರ್ಷ ನಡೆದು 2020ರಲ್ಲಿ ನಿಂತುಹೋದ ಪತ್ರಿಕೆಯೊಂದಿತ್ತು. ಹೆಸರು 'ಲ ದೆಬಾ'. ಅಂದ್ರೆ 'ಚರ್ಚೆ'. ಅಲ್ಲಿನ ಉದಾರವಾದಿ ಬುದ್ಧಿಜೀವಿಗಳ ದೊಡ್ಡ ವೇದಿಕೆ ಅದು. ಫ್ರಾನ್ಸಿನ ಪತ್ರಿಕೆ ಕಟ್ಕೊಂಡು ನಮಗೇನಾಗ್ಬೇಕು ಅಂತೀರಾ? ಆ ಪತ್ರಿಕೆ ಮೊದಲ ವರ್ಷವೇ ಎತ್ತಿದ ಒಂದು ಪ್ರಶ್ನೆ ನಮ್ಮ ಚಳವಳಿಯ ಬುಡಕ್ಕೇ ತಾಗುತ್ತೆ. ಅದಕ್ಕೇ ಈ ಪೋಸ್ಟ್.

1980ರ ಏಪ್ರಿಲ್‌ನಲ್ಲಿ ಸಾರ್ತ್ರ ತೀರಿಕೊಂಡರು. ಮುಂದಿನ ತಿಂಗಳೇ ಗಾಲಿಮಾರ್ ಪ್ರಕಾಶನದಿಂದ 'ಲ ದೆಬಾ' ಹೊರಬಂತು. ಕಟ್ಟಿದವರು ಇತಿಹಾಸಕಾರ ಪಿಯರ್ ನೋರಾ. ಯೆಹೂದಿ ಮನೆತನದವರು, ನಾಜಿಗಳ ಕಾಲದಲ್ಲಿ ಹುಡುಗನಾಗಿದ್ದಾಗ ತಲೆಮರೆಸಿಕೊಂಡು ಬದುಕುಳಿದವರು. ಸಂಪಾದಕ ಮಾರ್ಸೆಲ್ ಗೋಶೆ. ಅಪ್ಪ ರಸ್ತೆ ರಿಪೇರಿ ಕೆಲಸಗಾರ, ಅವ್ವ ಬಟ್ಟೆ ಹೊಲಿಯೋಳು.

ಸಾರ್ತ್ರ 1945ರಲ್ಲಿ ಶುರು ಮಾಡಿದ ಪತ್ರಿಕೆ, ಲೇಖಕ ಒಂದು ಪಕ್ಷ ಹಿಡಿದು ಬೀದಿಗಿಳೀಬೇಕು ಅಂತಿತ್ತು. ನೋರಾ ಅವರದ್ದು ಬೇರೆ ದಾರಿ. ಬುದ್ಧಿಜೀವಿ ಪ್ರವಾದಿಯ ಥರ ಮಾತಾಡೋ ಕಾಲ ಮುಗೀತು, ಇನ್ನು ಬೇರೆ ಬೇರೆ ಅಭಿಪ್ರಾಯದವರು ಒಂದೇ ಪತ್ರಿಕೆಯಲ್ಲಿ ವಾದ ಮಾಡಲಿ ಅಂದರು.

ಮೂರನೇ ಸಂಚಿಕೆಯಲ್ಲಿ ಗೋಶೆ ಒಂದು ಲೇಖನ ಬರೆದರು. ತಲೆಬರಹದ ಅರ್ಥ ಇಷ್ಟು: ಮಾನವ ಹಕ್ಕು ಅನ್ನೋದು ರಾಜಕೀಯ ಅಲ್ಲ. ಸೋವಿಯತ್ ಶಿಬಿರಗಳ ಕತೆ ಹೊರಬಿದ್ದ ಮೇಲೆ ಫ್ರಾನ್ಸಿನ ಎಷ್ಟೋ ಎಡಪಂಥೀಯರು ಕ್ರಾಂತಿ ಬಿಟ್ಟು ಮಾನವ ಹಕ್ಕಿನ ಮಾತು ಹಿಡಿದಿದ್ದರು. ಗೋಶೆ ವಾದ ಏನಂದ್ರೆ, ಹಕ್ಕು ಒಬ್ಬೊಬ್ಬ ಮನುಷ್ಯನನ್ನ ಕಾಪಾಡುತ್ತೆ ಸರಿ, ಆದರೆ ಎಲ್ಲರೂ ಸೇರಿ ಎಂಥ ಸಮಾಜ ಕಟ್ಟಬೇಕು ಅನ್ನೋದನ್ನ ಅದು ಹೇಳಲ್ಲ. ಅದೇ ವರ್ಷ ಅವರ ಗುರು ಕ್ಲೋದ್ ಲೆಫೋರ್ ಬೇರೊಂದು ಪತ್ರಿಕೆಯಲ್ಲಿ ಇದಕ್ಕೆ ಎದುರಾಗಿ ಬರೆದರು. ಹಕ್ಕು ಕೇಳೋದೇ ರಾಜಕೀಯ, ಕೇಳಿದಾಗಲೇ ಪ್ರಜಾಪ್ರಭುತ್ವ ಬೆಳೆಯೋದು ಅನ್ನೋದು ಅವರ ನಿಲುವು.

ಗೋಶೆ ವಾದ ಮೊದಲ ಸಲ ತಿಳಿದಾಗ ನನಗೆ ಮೈ ಉರೀತು. ಹಕ್ಕು ಜೇಬಲ್ಲಿಟ್ಕೊಂಡು ಹುಟ್ಟಿದವರು ಹೇಳೋ ಮಾತು ಇದು ಅನ್ನಿಸ್ತು. ಆಮೇಲೆ ಮಹಾಡ್ ನೆನಪಾಯ್ತು.

1923ರಲ್ಲೇ ಬಾಂಬೆ ಶಾಸನಸಭೆ ಸಾರ್ವಜನಿಕ ಕೆರೆ, ಬಾವಿ ಎಲ್ಲರಿಗೂ ಮುಕ್ತ ಅಂತ ನಿರ್ಣಯ ಮಾಡಿತ್ತು. ಮಹಾಡ್ ಪುರಸಭೆಯೂ ಒಪ್ಪಿತ್ತು. ಕಾಗದದ ಮೇಲೆ ಹಕ್ಕು ಇತ್ತು. ಆದರೆ ಚವದಾರ್ ಕೆರೆಯ ಒಂದು ಬೊಗಸೆ ನೀರು ನಮ್ಮ ಜನಕ್ಕೆ ಸಿಗಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರ ಜೊತೆ ನಡೆದು ಹೋಗಿ ನೀರು ಮುಟ್ಟಿದರು. ನಮ್ಮವರಿಗೆ ಹೊಡೆತ ಬಿತ್ತು, ಕೆರೆಗೆ 'ಶುದ್ಧಿ' ಮಾಡಿದರು. ಕೋರ್ಟಿನಲ್ಲಿ ಗೆಲ್ಲೋಕೆ 1937ರವರೆಗೆ ಕಾಯಬೇಕಾಯ್ತು.

ಅಂದ್ರೆ ಗೋಶೆ ಹೇಳಿದ್ದರಲ್ಲಿ ಅರ್ಧ ನಿಜ. ಹಕ್ಕು ತಾನಾಗೇ ಏನೂ ಮಾಡಲ್ಲ. ಉಳಿದರ್ಧ ಲೆಫೋರ್ ಹೇಳಿದ್ದು. ಆ ಹಕ್ಕು ಹಿಡ್ಕೊಂಡು ಕೆರೆ ಕಡೆ ನಡೆದದ್ದೇ ರಾಜಕೀಯ. ಅದೇ ವರ್ಷ ಡಿಸೆಂಬರ್‌ನಲ್ಲಿ ಮಹಾಡ್‌ನಲ್ಲೇ ಮಾತಾಡ್ತಾ ಬಾಬಾಸಾಹೇಬರು ನೆನೆದದ್ದು 1789ರ ಫ್ರೆಂಚ್ ರಾಷ್ಟ್ರೀಯ ಸಭೆಯನ್ನ. ನೀರು ಕುಡಿಯೋಕಷ್ಟೇ ಬಂದಿಲ್ಲ, ಸಮಾನತೆಯ ಬುನಾದಿ ಹಾಕೋಕೆ ಬಂದಿದೀವಿ ಅನ್ನೋದು ಅವರ ಮಾತಿನ ಸಾರ. ಪ್ಯಾರಿಸ್ಸಿನಲ್ಲಿ 1980ರಲ್ಲಿ ನಡೆದ ಜಗಳಕ್ಕೆ ಮಹಾಡ್‌ನಲ್ಲಿ 1927ರಲ್ಲೇ ಉತ್ತರ ಸಿಕ್ಕಿತ್ತು. ಪ್ಯಾರಿಸ್ಸಿನವರಿಗೆ ಅದು ಕಾಣಲಿಲ್ಲ ಅಷ್ಟೇ.

ಯಾಕೆ ಕಾಣಲಿಲ್ಲ? ಇದೇ ನೋರಾ ಅವರ ಮುಂದಾಳತ್ವದಲ್ಲಿ 1984ರಿಂದ 1992ರವರೆಗೆ ಫ್ರಾನ್ಸಿನ ನೆನಪುಗಳ ಬಗ್ಗೆ ಏಳು ಸಂಪುಟ ಬಂದವು. ನೂರಕ್ಕೂ ಹೆಚ್ಚು ಲೇಖನ. ಅದರಲ್ಲಿ ವಸಾಹತುಗಳಿಗೆ ಸಿಕ್ಕಿದ್ದು ಹೆಚ್ಚುಕಮ್ಮಿ ಒಂದೇ ಲೇಖನ, 1931ರ ವಸಾಹತು ಪ್ರದರ್ಶನದ ಬಗ್ಗೆ. ಚರ್ಚೆಯ ಮೇಜು ಎಷ್ಟೇ ಅಗಲ ಇರಲಿ, ಕುರ್ಚಿ ಯಾರಿಗೆ ಹಾಕಿದ್ರು ಅಂತ ನೋಡಬೇಕು.

ಹಾಗಂತ ಇದು ಬರೀ ಉಳ್ಳವರು, ಇಲ್ಲದವರ ಕತೆಯೂ ಅಲ್ಲ. 2014ರಲ್ಲಿ ಬ್ಲುವಾ ಊರಿನ ಇತಿಹಾಸ ಹಬ್ಬದ ವಿಷಯ 'ಬಂಡಾಯಗಾರರು'. ಉದ್ಘಾಟನಾ ಭಾಷಣಕ್ಕೆ ಗೋಶೆ ಅವರನ್ನ ಕರೆದಿದ್ದರು. ಯುವ ಲೇಖಕ ಎದುವಾರ್ ಲೂಯಿ ಮತ್ತು ಅವರ ಗೆಳೆಯ, ಈತ ಸಂಪ್ರದಾಯವಾದಿ, ನಾವು ಬರಲ್ಲ ಅಂದರು. ಲೂಯಿ ಕೂಡ ಬಡ ಕಾರ್ಮಿಕರ ಮನೆಯ ಹುಡುಗ. ಬಡವರ ಮಕ್ಕಳಿಬ್ಬರು ಎದುರುಬದುರು! ನಮ್ಮಲ್ಲೂ ಇದು ನಡೀತಿದೆ, ಹೆಸರು ಹೇಳೋದು ಬೇಡ.

2020ರಲ್ಲಿ 210ನೇ ಸಂಚಿಕೆಯೊಂದಿಗೆ 'ಲ ದೆಬಾ' ನಿಂತಿತು. ಉದ್ದದ, ಕಷ್ಟದ ಲೇಖನ ಓದೋರು ಕಮ್ಮಿಯಾದರು ಅನ್ನೋದು ನೋರಾ ಅವರ ನೋವು. ಸಾರ್ತ್ರರ ಪತ್ರಿಕೆ ಅದಕ್ಕಿಂತ ಒಂದು ವರ್ಷ ಮುಂಚೆಯೇ ನಿಂತಿತ್ತು. ಪಕ್ಷ ಹಿಡಿದದ್ದೂ ಹೋಯ್ತು, ಚರ್ಚೆ ಅಂದದ್ದೂ ಹೋಯ್ತು.

ಈಗ ನಮ್ಮ ವಿಷಯಕ್ಕೆ ಬರ್ತೀನಿ. ಅಟ್ರಾಸಿಟಿ ಆದಾಗ ನಾವು ಠಾಣೆ ಮುಂದೆ ಕೂರ್ತೀವಿ, ಎಫ್‌ಐಆರ್ ಆಗುತ್ತೆ, ಪರಿಹಾರದ ಹಣ ಬರುತ್ತೆ, ನಾವು ಮುಂದಿನ ಊರಿಗೆ ಹೋಗ್ತೀವಿ. ಆ ಊರಲ್ಲಿ ಏನು ಬದಲಾಯ್ತು ಅಂತ ತಿರುಗಿ ನೋಡಿದೀವಾ? ನಾನೂ ಎಷ್ಟೋ ಸಲ ನೋಡಿಲ್ಲ, ಒಪ್ಕೋತೀನಿ. ಕಾಯ್ದೆ ಬೇಕೇ ಬೇಕು, ಅದರ ಒಂದಕ್ಷರ ಮುಟ್ಟೋಕೂ ಬಿಡಬಾರದು. ಆದರೆ ಕಾಯ್ದೆಯಷ್ಟೇ ಚಳವಳಿ ಅಲ್ಲ. ಸ್ವಾತಂತ್ರ್ಯ, ಸಮಾನತೆ ಜೊತೆ ಬಂಧುತ್ವವೂ ಬೇಕು ಅಂತ 1949ರ ನವೆಂಬರ್ 25ರಂದು ಬಾಬಾಸಾಹೇಬರು ಸಂವಿಧಾನ ಸಭೆಯಲ್ಲಿ ಎಚ್ಚರಿಸಿದ್ದು ಇದನ್ನೇ. ಆ ಮೂರೂ ಮಾತನ್ನ ತಾನು ಫ್ರೆಂಚ್ ಕ್ರಾಂತಿಯಿಂದಲ್ಲ, ಬುದ್ಧನಿಂದ ಪಡೆದೆ ಅಂತ 1954ರಲ್ಲಿ ರೇಡಿಯೋದಲ್ಲಿ ಹೇಳಿದ್ದೂ ಅವರೇ.

ಹಾಸ್ಟೆಲ್‌ಗಳಲ್ಲಿ ಸ್ಟಡಿ ಸರ್ಕಲ್ ನಡೆಸೋ ತಮ್ಮಂದಿರೇ, ತಂಗಿಯರೇ, ನಮಗೆ ಒಪ್ಪಿಗೆಯಾಗದವರನ್ನೂ ಓದಿ. ಮೈ ಉರಿಸೋ ಲೇಖನವನ್ನ ಎರಡು ಸಲ ಓದಿ. ಓದಿದ ಮೇಲೆ ಎದ್ದು ಕೆರೆ ಕಡೆ ನಡೀರಿ.

ಜೈ ಭೀಮ್.